ಗಾಳಿ ಗರಗಸವೂ ಮಲೆನಾಡಿನ ಮಳೆಗಾಲವೂ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಗ್ಯಾರೇಜಿನಲ್ಲಿ ಬೆಳಗಿನ ಮೊದಲ ಕೆಲಸ ಒಂದೇ. ಕಂಪ್ರೆಸರ್ ಟ್ಯಾಂಕಿನ ಹೊಟ್ಟೆಯ ಅಡಿಯಲ್ಲಿರುವ ಪುಟ್ಟ ನಲ್ಲಿಯನ್ನು ಬಿಡಿಸುವುದು. ಕೆಳಗೆ ಹಳೆಯ ಪೇಂಟ್ ಡಬ್ಬಿ ಇಟ್ಟಿರುತ್ತೇವೆ. ಅರ್ಧ ಸುತ್ತು ತಿರುಗಿಸಿದ ಕೂಡಲೇ ನೀರು ಚಿಮ್ಮುತ್ತದೆ. ಹಾಲಿಲ್ಲದ ಚಹಾದ ಬಣ್ಣ, ಮೇಲೆ ಎಣ್ಣೆಯ ತೆಳು ಪದರ, ತುಕ್ಕಿನ ವಾಸನೆ. ನೀರು ಮುಗಿದು ಬುಸ್ ಎಂದು ಬರೀ ಗಾಳಿ ಬರತೊಡಗಿದಾಗ ನಲ್ಲಿ ಮುಚ್ಚುತ್ತೇವೆ. ಹೊಸದಾಗಿ ಸೇರಿದ ಹುಡುಗರು ಮೊದಲ ಸಲ ಇದನ್ನು ನೋಡಿ ಕೇಳುವುದು ಒಂದೇ ಮಾತು: "ಅಣ್ಣಾ, ಟ್ಯಾಂಕಿಗೆ ನೀರು ಹಾಕಿದ್ದು ಯಾರು?"

ಯಾರೂ ಹಾಕಿಲ್ಲ. ಅದು ಗಾಳಿಯ ಜೊತೆಯಲ್ಲೇ ಬಂದ ನೀರು. ಗಾಳಿ ಗರಗಸ ಬೇಗ ಕೆಟ್ಟುಹೋಗುವುದು ಜಾಸ್ತಿ ಈ ನೀರಿನಿಂದಲೇ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಟಿಂಕರಿಂಗ್ ಕೆಲಸ ಮಾಡುತ್ತಾ ನಾನು ಕಲಿತದ್ದು ಇಷ್ಟು: ಈ ಗರಗಸವನ್ನು ನೋಡಿಕೊಳ್ಳಬೇಕಾದರೆ ಮೊದಲು ಅದರೊಳಗೆ ಹೋಗುವ ಗಾಳಿಯನ್ನು ನೋಡಿಕೊಳ್ಳಬೇಕು. ಕೈಗೆ ಪೆಟ್ಟಾಗಬಾರದು ಎಂದರೂ ಆ ಗಾಳಿಯ ಗುಣವೇ ಗೊತ್ತಿರಬೇಕು.

ಗಾಳಿ ಗರಗಸ ಅಂದರೆ ಕಂಪ್ರೆಸರ್ ಗಾಳಿಯಿಂದ ಓಡುವ, ಒಂದೇ ಕೈಯಲ್ಲಿ ಹಿಡಿಯಬಹುದಾದ ಸಣ್ಣ ಗರಗಸ. ನಾವು ಸುಮ್ನೆ ಏರ್ ಸಾ ಅನ್ನುತ್ತೇವೆ. ಮರ ಕೊಯ್ಯುವುದಕ್ಕಲ್ಲ, ತಗಡು ಕತ್ತರಿಸುವುದಕ್ಕೆ. ಮಲೆನಾಡಿನಲ್ಲಿ ಇದಕ್ಕೆ ಕೆಲಸ ಜಾಸ್ತಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವ ಗಾಡಿಗಳ ಬಾಗಿಲಿನ ಕೆಳಅಂಚು, ಚಕ್ರದ ಮೇಲಿನ ಕಮಾನು, ಕಾಲಿಡುವ ಫ್ಲೋರು, ಎಲ್ಲ ಕಡೆ ತುಕ್ಕು. ನಿಟ್ಟೂರು ಕಡೆಯಿಂದ ಕೊಡಚಾದ್ರಿ ಹತ್ತುವ ಜೀಪುಗಳನ್ನು ಕೇಳುವುದೇ ಬೇಡ. ಅಡಿಗೆ ಮೆತ್ತಿದ ಕೆಂಪು ಕೆಸರು ತಿಂಗಳುಗಟ್ಟಲೆ ಒದ್ದೆಯಾಗೇ ಇರುತ್ತದೆ. ಕೆಟ್ಟ ತಗಡನ್ನು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಹೊಸ ತುಂಡು ಇಟ್ಟು ವೆಲ್ಡಿಂಗ್ ಮಾಡಬೇಕು.

ಆ ಕೆಲಸಕ್ಕೆ ಮೊದಲು ಉಳಿ, ಸುತ್ತಿಗೆ ಇದ್ದವು. ಆಮೇಲೆ ಗ್ರೈಂಡರ್ ಬಂತು. ಗ್ರೈಂಡರ್ ಬೇಗ ಕತ್ತರಿಸುತ್ತದೆ, ನಿಜ. ಆದರೆ ಕಿಡಿಯ ಮಳೆ ಸುರಿಸುತ್ತದೆ, ಪಕ್ಕದ ಪೇಂಟ್ ಸುಡುತ್ತದೆ, ಕಿಡಿ ತಾಗಿದ ಗಾಜಿನ ಮೇಲೆ ಕಲೆ ಕೂರುತ್ತದೆ. ಗಾಳಿ ಗರಗಸದಲ್ಲಿ ಬಿಸಿ ಕಡಿಮೆ, ಕಿಡಿ ಬಹಳ ಕಡಿಮೆ. ಒದ್ದೆ ನೆಲದ ಮೇಲೆ ನಿಂತು ಹಿಡಿದರೂ ಗರಗಸದಿಂದ ಕರೆಂಟ್ ಹೊಡೆಯುವ ಭಯವಿಲ್ಲ. ಮಳೆಗಾಲದ ಶೆಡ್ಡಿನಲ್ಲಿ ಇದು ಸಣ್ಣ ಮಾತಲ್ಲ.

ಒಳಗೆ ಏನಾಗುತ್ತದೆ? ಸೈಕಲ್ ಪಂಪನ್ನು ನೆನಪಿಸಿಕೊಳ್ಳಿ. ಅಲ್ಲಿ ಕೈ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಗಾಳಿಯನ್ನು ತಳ್ಳುತ್ತದೆ. ಇಲ್ಲಿ ಉಲ್ಟಾ. ಗಾಳಿಯೇ ಪಿಸ್ಟನ್ನನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ನಿನ ತುದಿಗೆ ಬ್ಲೇಡು ಕಟ್ಟಿರುತ್ತದೆ. ಒಂದು ಸಲದ ಓಟ ಬರೀ 10 ಮಿ.ಮೀ. ಆಸುಪಾಸು. ಆದರೆ ನಿಮಿಷಕ್ಕೆ 9,000, 10,000 ಸಲ ಓಡುತ್ತದೆ. ಪಿಸ್ಟನ್ನಿಗೂ ಅದರ ಸಿಲಿಂಡರಿಗೂ ನಡುವೆ ಇರುವ ಸಂದು ಕೂದಲೆಳೆಗಿಂತ ಸಣ್ಣದು. ಆ ಸಂದಿನಲ್ಲಿ ಎಣ್ಣೆಯ ಪದರ ಇದ್ದರೆ ಪಿಸ್ಟನ್ ಜಾರುತ್ತದೆ. ಎಣ್ಣೆ ಕೊಚ್ಚಿಹೋಗಿ ನೀರು ಕೂತರೆ ಒಂದೇ ರಾತ್ರಿಯಲ್ಲಿ ತುಕ್ಕಿನ ಪುಡಿ ಏಳುತ್ತದೆ. ಮರುದಿನ ಗರಗಸ ಓಡಿಸಿದಾಗ ಆ ಪುಡಿ ಮರಳು ಕಾಗದದ ಹಾಗೆ ಒಳಗನ್ನೆಲ್ಲ ಉಜ್ಜುತ್ತದೆ.

ಈಗ ನೀರಿನ ಲೆಕ್ಕಕ್ಕೆ ಬರೋಣ. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಟ್ಯಾಂಕಿನ ನಲ್ಲಿಯನ್ನು ಯಾರೂ ಮರೆಯುವುದಿಲ್ಲ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರನ್ನು ಆವಿಯಾಗಿ ಹಿಡಿದುಕೊಳ್ಳಬಲ್ಲದು. ಜುಲೈ ತಿಂಗಳ ಮಲೆನಾಡಿನಲ್ಲಿ ಗಾಳಿಯ ತೇವ 90 ಶೇಕಡಾ ಇದೆ ಅಂದುಕೊಳ್ಳಿ. ಆಗ ಪ್ರತಿ ಘನ ಮೀಟರಿನಲ್ಲಿ ಸುಮಾರು 20 ಗ್ರಾಂ ನೀರಿರುತ್ತದೆ. ಒತ್ತಡವನ್ನು ಬಾರ್ ಲೆಕ್ಕದಲ್ಲಿ ಅಳೆಯುತ್ತಾರೆ. ಹೊರಗಿನ ಗಾಳಿಯದೇ ಸುಮಾರು ಒಂದು ಬಾರ್, ಅದನ್ನು ಮೀಟರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಕಂಪ್ರೆಸರ್ ಮೀಟರಿನ ಮುಳ್ಳು 8 ಬಾರ್ ತೋರಿಸುವಾಗ ಒಂಬತ್ತು ಘನ ಮೀಟರ್ ಗಾಳಿ ಒಂದು ಘನ ಮೀಟರಿನಷ್ಟು ಜಾಗಕ್ಕೆ ತುರುಕಿಕೊಂಡಿರುತ್ತದೆ. ನೀರು ಒಂಬತ್ತು ಪಾಲಿನದು, ಜಾಗ ಒಂದು ಪಾಲಿನದು. ಗಾಳಿ ತಣ್ಣಗಾದ ಮೇಲೆ ಆ ಜಾಗ ಹಿಡಿಯುವುದು ಅದೇ 23 ಗ್ರಾಂ. ಉಳಿದದ್ದು ಹನಿಯಾಗಿ ಇಳಿಯಲೇಬೇಕು. ನಿಮಿಷಕ್ಕೆ 10 ಘನ ಅಡಿ ಗಾಳಿ ಎಳೆಯುವ ಕಂಪ್ರೆಸರ್ ಒಂದು ಗಂಟೆ ಬಿಡದೆ ಓಡಿದರೆ ಗಂಟೆಗೆ 17 ಘನ ಮೀಟರ್ ಗಾಳಿ ಒಳಗೆ ಹೋಗುತ್ತದೆ. ಲೆಕ್ಕ ಹಾಕಿದರೆ ಸುಮಾರು 300 ಮಿ.ಲೀ. ನೀರು! ದೊಡ್ಡ ಲೋಟದ ತುಂಬಾ. ಇದು ಬರೀ ಒಂದು ಗಂಟೆಯದು.

ಈ ನೀರೆಲ್ಲ ಟ್ಯಾಂಕಿನಲ್ಲೇ ನಿಂತರೆ ಚಿಂತೆ ಇರಲಿಲ್ಲ. ಆದರೆ ಕಂಪ್ರೆಸರಿನಿಂದ ಹೊರಡುವ ಗಾಳಿ ಬಿಸಿ ಇರುತ್ತದೆ. ಬಿಸಿ ಗಾಳಿಯಲ್ಲಿ ನೀರು ಇನ್ನೂ ಆವಿಯಾಗಿಯೇ ಇರುತ್ತದೆ. ಅದು ಪೈಪಿನಲ್ಲಿ ಸಾಗುತ್ತಾ ತಣ್ಣಗಾಗಿ, ಅಲ್ಲಲ್ಲಿ ಹನಿ ಬಿಡುತ್ತಾ, ಕೊನೆಗೆ ಗರಗಸದ ಬಾಯಿಗೆ ಬರುತ್ತದೆ. ಗರಗಸದೊಳಗೆ ಗಾಳಿ ಹಿಗ್ಗಿದಾಗ ಇನ್ನೂ ತಣ್ಣಗಾಗುತ್ತದೆ. ಹತ್ತು ನಿಮಿಷ ಬಿಡದೆ ಓಡಿಸಿ ನೋಡಿ, ಹಿಡಿಕೆ ಕೈಗೆ ತಂಪು ಹತ್ತುತ್ತದೆ.

ಬಹಳ ಕಡೆ ಒಂದು ತಪ್ಪು ನೋಡಿದ್ದೇನೆ. ನೀರು ತಡೆಯುವ ಫಿಲ್ಟರನ್ನು ಕಂಪ್ರೆಸರಿಗೆ ಅಂಟಿಸಿದ ಹಾಗೆ ಹಾಕಿರುತ್ತಾರೆ. ಫಿಲ್ಟರ್ ಹಿಡಿಯುವುದು ಹನಿಯಾದ ನೀರನ್ನು, ಆವಿಯನ್ನಲ್ಲ. ಬಿಸಿ ಗಾಳಿ ಅದರ ಮೂಲಕ ಆರಾಮಾಗಿ ದಾಟಿ ಹೋಗುತ್ತದೆ, ಮುಂದೆ ಹನಿಯಾಗುತ್ತದೆ. ಗಾಳಿಗೆ ತಣ್ಣಗಾಗಲು ಸಾಕಷ್ಟು ಉದ್ದದ ಕಬ್ಬಿಣದ ಪೈಪು ಕೊಟ್ಟು, ಗರಗಸದ ಹೋಸ್ ಸಿಕ್ಕಿಸುವ ಜಾಗದ ಹತ್ತಿರ ಫಿಲ್ಟರ್ ಹಾಕಬೇಕು. ಗೋಡೆಯ ಪೈಪು ಮುಂದಕ್ಕೆ ಸ್ವಲ್ಪ ಇಳಿಜಾರು ಇರಲಿ, ಕೊನೆಯಲ್ಲಿ ನೀರು ಬಿಡುವ ನಲ್ಲಿ ಇರಲಿ. ಕವಲು ಪೈಪನ್ನು ದೊಡ್ಡ ಪೈಪಿನ ಅಡಿಯಿಂದ ತೆಗೆಯಬೇಡಿ, ತಲೆಯಿಂದ ತೆಗೆದು ಬಗ್ಗಿಸಿ ಕೆಳಗಿಳಿಸಿ. ನೀರು ಅಡಿಯಲ್ಲಿ ಹರಿಯುತ್ತದೆ, ಅಡಿಯಿಂದ ಕವಲು ತೆಗೆದರೆ ಅದು ನೇರ ಗರಗಸಕ್ಕೇ ಬರುತ್ತದೆ. ಇನ್ನೊಂದು, ಗಾಡಿ ತೊಳೆಯುವ ಜಾಗದ ಪಕ್ಕ ಕಂಪ್ರೆಸರ್ ಇಡಬೇಡಿ. ಮೊದಲೇ ಒದ್ದೆ ಗಾಳಿ. ಅದಕ್ಕೆ ತುಂತುರನ್ನೂ ಸೇರಿಸಿ ಕುಡಿಸುವುದು ಯಾಕೆ?

ಟ್ಯಾಂಕಿನ ನೀರು ಬಿಡುವುದು ಗರಗಸಕ್ಕಿಂತ ದೊಡ್ಡ ವಿಷಯಕ್ಕೂ ಬೇಕು. ನೀರು ನಿಂತರೆ ಟ್ಯಾಂಕಿನ ಅಡಿ ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾಗುತ್ತದೆ. ಹೊರಗಿನ ಪೇಂಟ್ ಹೊಳೆಯುತ್ತಲೇ ಇರುತ್ತದೆ. ಹಾಗೆ ತೆಳ್ಳಗಾದ ಟ್ಯಾಂಕ್ ಒಂದು ದಿನ ಸಿಡಿದರೆ ಶೆಡ್ಡಿನಲ್ಲಿ ಯಾರು ಎಲ್ಲಿ ನಿಂತಿರುತ್ತಾರೋ ಹೇಳಲಾಗದು. ಆದ್ದರಿಂದ ದಿನಾ ನೀರು ಬಿಡಿ, ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು ಅದು ಸಿಕ್ಕಿಕೊಂಡಿಲ್ಲ ಎಂದು ನೋಡಿ, ಹಳೆಯ ಟ್ಯಾಂಕಿಗೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ಮಾಡಿಸಿ. ಟ್ಯಾಂಕಿಗೆ ತೂತು ಬಿದ್ದರೆ ವೆಲ್ಡಿಂಗ್ ತೇಪೆ ಹಾಕಿ ಓಡಿಸಬೇಡಿ. ಅದನ್ನು ಗುಜರಿಗೆ ಕೊಡಿ.

ಒತ್ತಡದ ವಿಷಯದಲ್ಲೂ ಒಂದು ಮಾತು ಎಲ್ಲರಿಗೂ ಹೇಳಬೇಕು ಅನ್ನಿಸುತ್ತದೆ. ಇಂಥ ಗರಗಸಗಳಿಗೆ ಸಾಮಾನ್ಯವಾಗಿ ಬೇಕಾದದ್ದು 90 ಪಿಎಸ್‌ಐ, ಅಂದರೆ ಸುಮಾರು 6.2 ಬಾರ್. ಇದನ್ನು ಲಿವರ್ ಒತ್ತಿ ಗರಗಸ ಓಡುತ್ತಿರುವಾಗ ನೋಡಬೇಕು. ಸುಮ್ಮನಿದ್ದಾಗ 90 ತೋರಿಸುವ ಮುಳ್ಳು ಲಿವರ್ ಒತ್ತಿದ ಕೂಡಲೇ 60ಕ್ಕೆ ಬೀಳಬಹುದು. ಆಗ ಗರಗಸ ನಿಧಾನ ಅಂತ ಜನ ಅದನ್ನು ಬಯ್ಯುತ್ತಾರೆ. ನಿಜವಾದ ಕಾರಣ ಸಣ್ಣ ಹೋಸು, ಉದ್ದದ ಹೋಸು ಅಥವಾ ಹೋಸ್ ಸಿಕ್ಕಿಸುವ ಜಾಗದಲ್ಲಿ ಸೋರುವ ಕಪ್ಲರ್. ಒಳವ್ಯಾಸ 10 ಮಿ.ಮೀ. ಇರುವ ಹೋಸ್ ಹಾಕಿ, ಬೇಕಾದಷ್ಟೇ ಉದ್ದ ಇಡಿ. ನಿಧಾನವಾಯಿತು ಅಂತ ಒತ್ತಡವನ್ನು 120ಕ್ಕೆ ಏರಿಸುವವರಿದ್ದಾರೆ. ಹಾಗೆ ಮಾಡಿದರೆ ಬ್ಲೇಡು ಮುರಿಯುತ್ತದೆ, ಒಳಭಾಗ ಸವೆಯುತ್ತದೆ, ಕೈ ನಡುಗುತ್ತದೆ. ಲಾಭ ಏನೂ ಇಲ್ಲ.

ಎಣ್ಣೆ ಹಾಕುವುದು ಬಹಳ ಸುಲಭ, ಆದರೂ ಬಹಳ ಜನ ಮಾಡುವುದಿಲ್ಲ. ಕೆಲಸ ಶುರು ಮಾಡುವ ಮೊದಲು ಹೋಸ್ ಬಿಚ್ಚಿ, ಗರಗಸದ ಗಾಳಿ ಒಳಹೋಗುವ ಬಾಯಿಗೆ ಏರ್ ಟೂಲ್ ಆಯಿಲ್ ನಾಲ್ಕೈದು ಹನಿ ಬಿಡಿ. ಹೋಸ್ ಸಿಕ್ಕಿಸಿ, ಗಾಳಿ ಹೊರಬರುವ ಕಡೆ ಬಟ್ಟೆ ಹಿಡಿದು, ಅರ್ಧ ನಿಮಿಷ ಓಡಿಸಿ. ದಿನವಿಡೀ ಕೆಲಸ ಇದ್ದರೆ ಮಧ್ಯಾಹ್ನ ಮತ್ತೊಮ್ಮೆ. ಸಂಜೆ ಇಡುವ ಮೊದಲು ತಪ್ಪದೆ ಇನ್ನೊಮ್ಮೆ. ಎಂಜಿನ್ ಆಯಿಲ್ ದಪ್ಪ, ಒಳಗೆ ಅಂಟುತ್ತದೆ. ತೆಂಗಿನೆಣ್ಣೆಯಂತೂ ಬೇಡವೇ ಬೇಡ. ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ಗರಗಸದ ಒಳಗೆ ಅದಕ್ಕಿಂತ ತಣ್ಣಗಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅದನ್ನೇ ಎಣ್ಣೆ ಎಂದುಕೊಳ್ಳುವವರೂ ಇದ್ದಾರೆ. ಅದು ಇರುವ ಎಣ್ಣೆಯನ್ನೂ ತೊಳೆದು ತೆಗೆಯುತ್ತದೆ.

ಎಣ್ಣೆ ತಾನಾಗಿ ಬೀಳುವ ಡಬ್ಬಿಯನ್ನು ಲೈನಿಗೇ ಹಾಕಬಹುದಲ್ವಾ ಎಂದು ಕೇಳಬಹುದು. ಹಾಕಬಹುದು. ಆದರೆ ಪೇಂಟಿಂಗ್ ಕೂಡ ಮಾಡುವ ಗ್ಯಾರೇಜಿನಲ್ಲಿ ಎಚ್ಚರ. ಎಣ್ಣೆ ಸೋಕಿದ ಹೋಸಿಗೆ ಸ್ಪ್ರೇ ಗನ್ ಸಿಕ್ಕಿಸಿದರೆ ಹೊಸ ಪೇಂಟಿನ ಮೇಲೆ ಮೀನುಗಣ್ಣಿನಂಥ ಗುಳಿಗಳು ಏಳುತ್ತವೆ. ಎಷ್ಟು ಉಜ್ಜಿ ಮತ್ತೆ ಹೊಡೆದರೂ ಅದೇ ಕಥೆ. ನಾವು ಸ್ಪ್ರೇ ಗನ್ನಿಗೆ ಬೇರೆ ಬಣ್ಣದ ಹೋಸನ್ನೇ ಇಟ್ಟಿದ್ದೇವೆ, ಗರಗಸಕ್ಕೆ ಕೈಯಲ್ಲೇ ಹನಿ ಹಾಕುತ್ತೇವೆ.

ಬ್ಲೇಡಿನ ಹಲ್ಲುಗಳನ್ನು ಇಂಚಿಗೆ 18, 24, 32 ಎಂದು ಎಣಿಸುತ್ತಾರೆ. ತಗಡು ತೆಳ್ಳಗಾದಷ್ಟೂ ಹಲ್ಲು ಸಣ್ಣದಿರಬೇಕು. ಯಾವ ಹೊತ್ತಿನಲ್ಲೂ ಮೂರು ಹಲ್ಲಾದರೂ ತಗಡಿನ ಮೇಲಿರಲಿ ಎನ್ನುವುದು ಗರಗಸದ ಹಳೆಯ ನಿಯಮ. ಆದರೆ ಕಾರಿನ ತಗಡಿನ ದಪ್ಪ 0.8 ಮಿ.ಮೀ. ಆಸುಪಾಸು. 32 ಹಲ್ಲಿನ ಬ್ಲೇಡಿನಲ್ಲೂ ಹಲ್ಲಿನಿಂದ ಹಲ್ಲಿಗೆ ಸುಮಾರು 0.8 ಮಿ.ಮೀ. ಅಂತರ. ಹಾಗಾದರೆ ನೇರ ಹಿಡಿದಾಗ ತಗಡಿನ ಮೇಲಿರುವುದು ಒಂದೇ ಹಲ್ಲು! ತಗಡು ಎರಡು ಹಲ್ಲುಗಳ ನಡುವೆ ಸಿಕ್ಕಿಕೊಂಡು ಬ್ಲೇಡು ಎಗರುತ್ತದೆ, ಹಲ್ಲು ಉದುರುತ್ತದೆ. ಇದಕ್ಕೆ ಉಪಾಯ ಗರಗಸವನ್ನು ವಾಲಿಸಿ ಹಿಡಿಯುವುದು. ಬಾಳೆಕಾಯಿಯನ್ನು ಓರೆಯಾಗಿ ಕೊಯ್ದರೆ ಬಿಲ್ಲೆ ಉದ್ದವಾಗುತ್ತದಲ್ಲ, ಹಾಗೆ. ಓರೆಯಾದಷ್ಟೂ ಬ್ಲೇಡಿಗೆ ಸಿಗುವ ತಗಡು ಜಾಸ್ತಿ, ಅದರ ಮೇಲೆ ಕೂರುವ ಹಲ್ಲೂ ಜಾಸ್ತಿ. ಸದ್ದು ಕೇಳಿಯೇ ವ್ಯತ್ಯಾಸ ಗೊತ್ತಾಗುತ್ತದೆ. ನೇರ ಹಿಡಿದಾಗ ಟರ್ ಟರ್ ಎಂದು ಒದರುವ ಗರಗಸ ಓರೆ ಹಿಡಿದಾಗ ಒಂದೇ ಸಮ ಗುಂಯ್ ಎನ್ನುತ್ತದೆ.

ಗರಗಸದ ಮುಂಭಾಗದಲ್ಲಿ, ಬ್ಲೇಡಿನ ಬುಡದ ಹತ್ತಿರ ಇರುವ ಗೈಡ್ ಪ್ಲೇಟ್ ತಗಡಿಗೆ ಒತ್ತಿಕೊಂಡೇ ಇರಬೇಕು. ಅದು ಗಾಳಿಯಲ್ಲಿ ತೇಲುತ್ತಿದ್ದರೆ ಕತ್ತರಿಸುವ ಬದಲು ಇಡೀ ಗರಗಸ, ಅದರ ಜೊತೆ ನಿಮ್ಮ ಮೊಣಕೈ, ಹಿಂದೆ ಮುಂದೆ ಕುಣಿಯುತ್ತವೆ. ಮೊದಲು ಪ್ಲೇಟ್ ತಾಗಿಸಿ, ಆಮೇಲೆ ಲಿವರ್ ಒತ್ತಿ. ಮುಂದಕ್ಕೆ ದೂಡಬೇಡಿ, ಬ್ಲೇಡು ತಾನೇ ದಾರಿ ಮಾಡಿಕೊಳ್ಳುತ್ತದೆ.

ಕತ್ತರಿಸುವ ಮೊದಲು ಹಿಂದೆ ಏನಿದೆ ನೋಡುವುದು ಎಲ್ಲಕ್ಕಿಂತ ಮುಖ್ಯ. ಹೊಸನಗರದ ಕಡೆಯ ಜೀಪೊಂದರ ಫ್ಲೋರು ತೆಗೆಯುವಾಗಿನ ಮಾತು. ರಬ್ಬರ್ ಮ್ಯಾಟ್ ಎತ್ತಿದರೆ ಡ್ರೈವರ್ ಕಾಲಿಡುವ ಜಾಗದ ತಗಡು ಹಪ್ಪಳದ ಹಾಗಾಗಿತ್ತು. ಸ್ಕ್ರೂಡ್ರೈವರ್ ಚುಚ್ಚಿ, ಗಟ್ಟಿ ತಗಡು ಸಿಗುವವರೆಗೆ ಹೋಗಿ, ಚಾಕ್‌ಪೀಸಿನಲ್ಲಿ ಗೆರೆ ಎಳೆದೆವು. ಗರಗಸ ಕೈಗೆತ್ತಿಕೊಳ್ಳುವ ಮೊದಲು ಟಾರ್ಚ್ ಹಿಡಿದು ಅಡಿಗೆ ನುಸುಳಿ ನೋಡಿದೆ. ಗೆರೆ ಬರುವ ಜಾಗಕ್ಕೆ ಸರಿಯಾಗಿ ಕೆಳಗೆ ಎರಡು ಬೆರಳು ಅಂತರದಲ್ಲಿ ಬ್ರೇಕ್ ಪೈಪು, ಅದರ ಪಕ್ಕ ಡೀಸೆಲ್ ಪೈಪು. ಬ್ಲೇಡಿನ ತುದಿ ತಗಡಿನಿಂದಾಚೆ ಎರಡು ಇಂಚು ಹೊರಗಿರುತ್ತದೆ. ನೋಡದೆ ಕೊಯ್ದಿದ್ದರೆ ಬ್ರೇಕ್ ಪೈಪಿಗೆ ಗೀರು ಬೀಳುತ್ತಿತ್ತು. ಗೀರು ಅಂದೇ ಸೋರದೆ, ಘಾಟಿ ಇಳಿಯುವಾಗ ಬ್ರೇಕ್ ಒತ್ತಿದ ಹೊತ್ತಿಗೆ ಒಡೆಯಬಹುದಿತ್ತು. ಅದನ್ನು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ. ಪೈಪುಗಳ ಕ್ಲಿಪ್ ಬಿಚ್ಚಿ, ಪಕ್ಕಕ್ಕೆ ಸರಿಸಿ ಕಟ್ಟಿ, ಬ್ಲೇಡನ್ನೂ ಗಿಡ್ಡ ಮಾಡಿಕೊಂಡು ಕೊಯ್ದೆವು. ಬಾಗಿಲು, ಕಂಬಗಳ ಒಳಗೆ ವೈರಿಂಗ್ ಇರುತ್ತದೆ, ಹೊಸ ಕಾರುಗಳಲ್ಲಿ ಏರ್‌ಬ್ಯಾಗ್ ಕೂಡ. ಬ್ಯಾಟರಿಯ ನೆಗೆಟಿವ್ ತೆಗೆದೇ ಶುರು ಮಾಡಿ.

ಕಿಡಿ ಕಡಿಮೆ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಇದನ್ನು ತರಬೇಡಿ. ಖಾಲಿ ಟ್ಯಾಂಕ್ ಅಂತ ಧೈರ್ಯ ಬೇಡ, ಒಳಗೆ ತುಂಬಿದ ಆವಿ ಪೆಟ್ರೋಲಿಗಿಂತ ಬೇಗ ಹೊತ್ತಿಕೊಳ್ಳುತ್ತದೆ.

ನಮ್ಮಲ್ಲಿ ಆದ ಒಂದು ಅನಾಹುತ ಹೇಳಲೇಬೇಕು. ಒಬ್ಬ ಹುಡುಗ ಬ್ಲೇಡು ಬದಲಿಸುತ್ತಿದ್ದ. ಗೋಡೆಯ ವಾಲ್ವ್ ಮುಚ್ಚಿದ್ದ, ಹೋಸ್ ಬಿಚ್ಚಿರಲಿಲ್ಲ. ಅಲೆನ್ ಕೀ ಹಾಕಿ ಸ್ಕ್ರೂ ಬಿಗಿ ಮಾಡುವಾಗ ಗರಗಸ ಜಾರಿತು, ಹಿಡಿದುಕೊಳ್ಳಲು ಹೋದಾಗ ಅಂಗೈ ಲಿವರ್ ಮೇಲೆ ಬಿತ್ತು. ಹೋಸಿನಲ್ಲಿ ಉಳಿದಿದ್ದ ಗಾಳಿ ಸಾಕಾಯಿತು. ಅರೆಕ್ಷಣ ಓಡಿದ ಬ್ಲೇಡು ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸವನ್ನು ಸೀಳಿತು. ಐದು ಹೊಲಿಗೆ. "ವಾಲ್ವ್ ಬಂದ್ ಮಾಡಿದ್ದೆ ಅಣ್ಣಾ" ಎಂದು ಅಳುತ್ತಾ ಹೇಳುತ್ತಿದ್ದ. ಅವನು ಹೇಳಿದ್ದು ನಿಜವೇ. ಅವನಿಗೆ ಸರಿಯಾಗಿ ಹೇಳಿಕೊಡದ ತಪ್ಪು ನನ್ನದು. ವಾಲ್ವ್ ಮುಚ್ಚಿದರೆ ಹೊಸ ಗಾಳಿ ಬರುವುದಿಲ್ಲ ಅಷ್ಟೆ. ಬಂದದ್ದು ಒಳಗೇ ಕಾದು ಕೂತಿರುತ್ತದೆ. ಅದಕ್ಕೇ ಈಗ ನಮ್ಮಲ್ಲಿ ಕ್ರಮ ಹೀಗೆ: ವಾಲ್ವ್ ಮುಚ್ಚಬೇಕು, ಗರಗಸವನ್ನು ನೆಲದ ಕಡೆ ತಿರುಗಿಸಿ ಸದ್ದು ಸತ್ತುಹೋಗುವವರೆಗೆ ಲಿವರ್ ಒತ್ತಬೇಕು, ಹೋಸ್ ಬಿಚ್ಚಿ ಪಕ್ಕಕ್ಕಿಡಬೇಕು. ಆಮೇಲೆಯೇ ಬ್ಲೇಡು ಮುಟ್ಟಬೇಕು.

ಬ್ಲೇಡು ಹಿಡಿಯುವ ಸ್ಕ್ರೂಗಳು ನಡುಕಕ್ಕೆ ಸಡಿಲವಾಗುತ್ತವೆ. ಅರ್ಧ ಗಂಟೆಗೊಮ್ಮೆ ಇದೇ ಕ್ರಮದಲ್ಲಿ ಹೋಸ್ ಬಿಚ್ಚಿ ನೋಡಿ.

ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮುರಿದ ಬ್ಲೇಡಿನ ತುಂಡು ಹೇಳಿ ಕೇಳಿ ಬರುವುದಿಲ್ಲ. ಕಿವಿಗೆ ಇಯರ್ ಪ್ಲಗ್ ಹಾಕಿ. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್ ದಾಟಿದ ಸದ್ದು ಕೇಳಿದರೆ ಕಿವಿ ನಿಧಾನವಾಗಿ ಮಂದವಾಗುತ್ತದೆ, ಈ ಗರಗಸ ಅದನ್ನು ಸುಲಭವಾಗಿ ದಾಟುತ್ತದೆ. ನಡುಕದ ಬಗ್ಗೆ ಯಾರೂ ಮಾತಾಡುವುದಿಲ್ಲ. ವರ್ಷಗಟ್ಟಲೆ ನಡುಗುವ ಸಾಮಾನು ಹಿಡಿದವರಿಗೆ ಬೆರಳು ಜೋಮು ಹಿಡಿಯುತ್ತದೆ, ತುದಿ ಬಿಳಿಚಿಕೊಳ್ಳುತ್ತದೆ. ಚಳಿಯಲ್ಲಿ ಇದು ಜಾಸ್ತಿ. ಒದ್ದೆ ಗ್ಲೌಸ್ ತೆಗೆದು ಒಣಗಿದ್ದು ಹಾಕಿಕೊಳ್ಳಿ, ಆಗಾಗ ಕೆಲಸ ನಿಲ್ಲಿಸಿ ಕೈ ಬಿಸಿ ಮಾಡಿಕೊಳ್ಳಿ. ಬೆರಳು ಬಿಳಿಚುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಸಂಜೆ ಮೈಮೇಲಿನ ದೂಳನ್ನು ಏರ್ ಹೊಡೆದು ಕೊಡವಿಕೊಳ್ಳುವ ಅಭ್ಯಾಸ ಎಲ್ಲ ಗ್ಯಾರೇಜಿನಲ್ಲೂ ಇದೆ. ದಯವಿಟ್ಟು ಬಿಡಿ. ಸಣ್ಣ ಗಾಯದ ಮೂಲಕವೂ ಗಾಳಿ ಚರ್ಮದೊಳಗೆ ನುಗ್ಗಬಹುದು, ಲೋಹದ ಪುಡಿ ಕಣ್ಣಿಗೆ ಹೋಗಬಹುದು. ತಮಾಷೆಗೆ ಒಬ್ಬರ ಮೈಗೆ ಒಬ್ಬರು ಗಾಳಿ ಹಿಡಿದು ಜೀವ ಹೋದದ್ದೂ ಉಂಟು. ಕರೆಂಟ್ ಇಲ್ಲ, ಕಂಪ್ರೆಸರ್ ಓಡುತ್ತಿಲ್ಲ ಎಂದು ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರಿಗೆ ಗರಗಸ ಸಿಕ್ಕಿಸುವ ಯೋಚನೆ ಕೂಡ ಮಾಡಬೇಡಿ. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ ತಾಗಿದರೆ ಸ್ಫೋಟ ಆಗುತ್ತದೆ. ಗರಗಸದ ಒಳಗೆಲ್ಲ ಇರುವುದು ಎಣ್ಣೆಯೇ.

ಗರಗಸ ನಿಧಾನವಾದರೆ ಒಮ್ಮೆಲೇ ಬಿಚ್ಚಲು ಹೋಗಬೇಡಿ. ಓಡುವಾಗಿನ ಒತ್ತಡ ನೋಡಿ. ಹೋಸ್ ಬಿಚ್ಚಿ, ಗಾಳಿ ಒಳಹೋಗುವ ಬಾಯಿಯ ಪುಟ್ಟ ಜಾಲರಿ ನೋಡಿ. ಅಲ್ಲಿ ತುಕ್ಕಿನ ಪುಡಿ, ಟೆಫ್ಲಾನ್ ಟೇಪಿನ ಚೂರು ಕೂತಿರುತ್ತದೆ. ಗಾಳಿ ಹೊರಹೋಗುವ ತೂತು ಕಟ್ಟಿದೆಯಾ ನೋಡಿ. ಆಮೇಲೆ ಎಣ್ಣೆ ಜಾಸ್ತಿ ಹಾಕಿ ಓಡಿಸಿ, ಗಾಳಿ ಹೊರಬರುವ ಕಡೆ ಹಿಡಿದ ಬಟ್ಟೆಯ ಮೇಲಿನ ಕಲೆ ನೋಡಿ. ಕಲೆ ಕೆಂಪಗಿದ್ದರೆ ಒಳಗೆ ತುಕ್ಕು. ಕಲೆ ತಿಳಿಯಾಗುವವರೆಗೆ ಹನಿ ಹಾಕುತ್ತಾ ಓಡಿಸಿ. ಬಹಳ ಗರಗಸಗಳು ಇಷ್ಟಕ್ಕೇ ಮತ್ತೆ ಜೀವ ಹಿಡಿಯುತ್ತವೆ.

ಆಯುಧಪೂಜೆಗೆ ಎಲ್ಲ ಸಾಮಾನುಗಳನ್ನೂ ತೊಳೆದು ಸಾಲಾಗಿ ಇಡುವುದು ನಮ್ಮ ಪದ್ಧತಿ. ಗರಗಸವನ್ನು ಮಾತ್ರ ನೀರಿಗೆ ಹಿಡಿಯಬೇಡಿ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ಹನಿ ಹಾಕಿ ಓಡಿಸಿ, ಗಾಳಿಯ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಅರಿಶಿನ ಕುಂಕುಮವನ್ನು ಹಿಡಿಕೆಗೆ ಹಚ್ಚಿ, ಬಾಯಿಯ ಕಡೆ ಬೇಡ. ನಾವು ಮೊದಲ ಹೂವನ್ನು ಕಂಪ್ರೆಸರಿಗೆ ಇಡುತ್ತೇವೆ, ಅದಕ್ಕೂ ಮೊದಲು ಅದರ ಅಡಿಯ ನಲ್ಲಿ ಬಿಟ್ಟು ನೀರು ತೆಗೆದಿರುತ್ತೇವೆ.